ಕೆಂದಿಯ ಕಿವಿ

ಕ್ಯಾತಮ್ಮ ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಗೊಲ್ಲರಹಟ್ಟಿಯಲ್ಲಿ ಇವತ್ತಿಗೂ ನಗುತ್ತಾರೆ. ತಾನು ಕದಿಯದ ಸೀಮೆಸುಣ್ಣಕ್ಕೆ ಮೇಷ್ಟ್ರು ಬೆತ್ತ ಎತ್ತಿದಾಗ ಆ ಹುಡುಗಿ ಬೆತ್ತವನ್ನೇ ಕಿತ್ತುಕೊಂಡು, ಮೊಣಕಾಲಿಗೆ ಕೊಟ್ಟು ಮುರಿದು, ಎರಡು ತುಂಡನ್ನೂ ಮೇಜಿನ ಮೇಲಿಟ್ಟು ಮನೆಗೆ ಬಂದಿದ್ದಳು. ಆಮೇಲೆ ಮೂವತ್ತೈದು ವರ್ಷ ಕುರಿಗಳ ಹಿಂದೆ ನಡೆದಳು. ಕಲಿತ ಅಕ್ಷರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬಸ್ಸಿನ ಬೋರ್ಡು, ಬೀಡಿಕಟ್ಟಿನ ಕಾಗದ, ಗೋಡೆಯ ಮೇಲಿನ ಓಟಿನ ಬರಹ, ಏನು ಸಿಕ್ಕರೂ ಒಂದೊಂದೇ ಅಕ್ಷರ ಕೂಡಿಸಿ ಓದುವಳು.

ಹಾಗಾಗಿ ಕುರಿ ಸಂಘದ ಕಾರ್ಯದರ್ಶಿ ಸಂಜೀವಯ್ಯ ಹೊಂಗೆ ಮರದ ಕೆಳಗೆ ಸೈಕಲ್ ನಿಲ್ಲಿಸಿ, ವಿಮೆ ಕಚೇರಿಯಿಂದ ಬಂದ ಕಾಗದ ಬಿಚ್ಚಿ, ಕಣ್ಣಾಡಿಸಿ, ಮತ್ತೆ ಮಡಚಿದಾಗ ಅವಳಿಗೆ ಅನುಮಾನ ಬಂತು.

"ವಿಚಾರಣೆ ಮಾಡ್ತಾ ಅವ್ರಂತೆ ಕಣಕ್ಕ. ಇನ್ನೂ ಟೈಮಾಗ್ತದಂತೆ" ಎಂದ ಸಂಜೀವಯ್ಯ.

"ಇಷ್ಟುದ್ದ ಕಾಗದದಾಗೆ ಇಷ್ಟೇನಾ ಬರ್ದಿರಾದು?"

"ಸರ್ಕಾರಿ ಭಾಷೆ ಅಕ್ಕ, ಎಳೀತಾರೆ."

"ಕೊಡಿಲ್ಲಿ."

ಅವನು ಕೊಡಲಿಲ್ಲ. ಅವಳೇ ಕಿತ್ತುಕೊಂಡಳು. ಟೈಪು ಮಾಡಿದ ಸಾಲುಗಳು ಅವಳ ಕಣ್ಣಿಗೆ ಇರುವೆ ಸಾಲಿನಂತಿದ್ದವು. ಅವುಗಳ ಮೇಲೆ ಅಡ್ಡಡ್ಡಲಾಗಿ, ಕೆಂಪು ಮಸಿಯಲ್ಲಿ, ಕೈಬರಹದಲ್ಲಿ ಎರಡು ಮಾತಿತ್ತು. ಅದನ್ನು ಬೆರಳಿಟ್ಟು ಓದಿದಳು.

"ಸು... ಳ್ಳು... ಕ್ಲೇ... ಮು."

ಹೊಂಗೆ ಮರದ ಕೆಳಗೆ ಕೂತಿದ್ದವರು ತಿರುಗಿ ನೋಡಿದರು. ಕ್ಯಾತಮ್ಮ ಇನ್ನೊಂದು ಸಲ ಓದಿದಳು. ಈ ಸಲ ತಡವರಿಸಲಿಲ್ಲ.

"ಯಾವನ್ಲಾ ಇದನ್ನ ಬರ್ದೋನು?"

ಸಂಜೀವಯ್ಯ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ. ಓಡಿಹೋಗಬೇಕಾದರೆ ಅದು ಕೈಯಲ್ಲಿರಲಿ ಎಂದಿರಬೇಕು.

ಸತ್ತದ್ದು ಕೆಂದಿ. ಕ್ಯಾತಮ್ಮನ ಗಂಡನ ಮನೆಯಲ್ಲಿ ಮುತ್ತಾತನ ಕಾಲದಿಂದ ಕುರಿ ಕೂಡುವ ರೊಪ್ಪಕ್ಕೊಂದು ಕುರಿ ಮನೆದೇವರು ಜುಂಜಪ್ಪನಿಗೆ ಮೀಸಲು. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಅದರ ಮೈಗೆ ಕಬ್ಬಿಣ ತಾಕಿಸುವಂತಿಲ್ಲವಾದ್ದರಿಂದ ಉಣ್ಣೆಯನ್ನೂ ಕತ್ತರಿಸುವುದಿಲ್ಲ. ಕೆಂದಿಯ ಕೆಂಚು ಉಣ್ಣೆ ಮೊಣಕಾಲಿನವರೆಗೆ ಜೋತುಬಿದ್ದು, ಅದು ನಡೆದರೆ ಕಂಬಳಿ ಹೊದ್ದ ಮುದುಕಿ ನಡೆದಂತಿರುತ್ತಿತ್ತು. ಮೀಸಲು ಕುರಿ ಸತ್ತರೆ ಅರಿಸಿನ ಕುಂಕುಮ ಇಟ್ಟು, ಮೈಯಲ್ಲಿ ಒಂದು ಕೂದಲೂ ಕಡಿಮೆಯಾಗದಂತೆ ರೊಪ್ಪದ ಮೂಡಲ ಮೂಲೆಯಲ್ಲಿ ಮಣ್ಣು ಮಾಡಬೇಕು. ಅದರ ಹೊಟ್ಟೆಯ ಹೆಣ್ಣುಮರಿಯೇ ಮುಂದಿನ ಮೀಸಲು.

ಇನ್ನು ವಿಮೆ. ಎರಡು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ಸಂಘದವರು ಹಟ್ಟಿಯ ಮೂವತ್ತೆರಡು ಮನೆಯ ಕುರಿಗಳಿಗೂ ವಿಮೆ ಮಾಡಿಸಿದರು. ಮಧುಗಿರಿಯ ದನದ ಆಸ್ಪತ್ರೆಯಿಂದ ಕಾಂಪೌಂಡರ್ ಚೌಡಯ್ಯ ಒಂದು ಚೀಲ ಹಿತ್ತಾಳೆ ಬಿಲ್ಲೆ, ಒಂದು ಇಕ್ಕಳ, ಒಂದು ರಿಜಿಸ್ಟರು ಹಿಡಿದುಕೊಂಡು ಬಂದ. ಕುರಿಯ ಕಿವಿ ಹಿಡಿದು, ಇಕ್ಕಳದಲ್ಲಿ ಟಕ್ಕೆಂದು ತೂತು ಹೊಡೆದು, ನಂಬರಿನ ಬಿಲ್ಲೆ ಸಿಕ್ಕಿಸುತ್ತ ಬಂದ. ಕ್ಯಾತಮ್ಮನ ಇಪ್ಪತ್ತು ಕುರಿ ಆಯಿತು. ಇಪ್ಪತ್ತೊಂದನೆಯದು ಕೆಂದಿ. ಅದರ ಕಿವಿಗೆ ಕೈಹಾಕಿದ ಚೌಡಯ್ಯನ ಮುಂಗೈಯನ್ನು ಅವಳು ಹಿಡಿದುಕೊಂಡಳು.

"ಇದಕ್ಕೆ ಕಬ್ಬಿಣ ಮುಟ್ಟಿಸಂಗಿಲ್ಲ. ಮೀಸ್ಲು."

"ಅಂಗಾದ್ರೆ ಇದನ್ನ ಬುಟ್ಬುಡು ಕಣಮ್ಮ. ದೇವ್ರ ಕುರಿ, ದೇವ್ರೇ ನೋಡ್ಕತಾನೆ."

"ದೇವ್ರು ಕುರಿ ನೋಡ್ಕಂಡಿದ್ರೆ ನಾನ್ಯಾಕಪ್ಪ ಮಳೇಲಿ ನೆನೀತಿದ್ದೆ? ಇದ್ಕೂ ದುಡ್ಡು ಕಟ್ಟಿವ್ನಿ. ಇದ್ಕೂ ಬಿಲ್ಲೆ ಬೇಕು."

ಚೌಡಯ್ಯ ಆಗಷ್ಟೇ ಅವಳ ಮನೆಯಲ್ಲಿ ಹುರುಳಿ ಬಸ್ಸಾರಿನ ಜೊತೆ ಮೂರು ಮುದ್ದೆ ಇಳಿಸಿದ್ದ. ಹೊಟ್ಟೆ ತುಂಬಿದವನಿಗೆ ಜಗಳ ಬೇಡವಾಗಿತ್ತು. ಕ್ಯಾತಮ್ಮ ತನ್ನ ಕಂಬಳಿಯ ಅಂಚಿನಿಂದ ಕಿತ್ತುಕೊಟ್ಟ ದಾರದಲ್ಲಿ ಆರುನೂರ ಹನ್ನೆರಡನೇ ನಂಬರಿನ ಬಿಲ್ಲೆಯನ್ನು ಪೋಣಿಸಿ ಕೆಂದಿಯ ಕೊರಳಿಗೆ ಕಟ್ಟಿದ. ರಿಜಿಸ್ಟರಿನಲ್ಲಿ ಮಾತ್ರ, ಮೇಲಿನ ಇಪ್ಪತ್ತು ಸಾಲಿಗೆ ಬರೆದ ಹಾಗೆ, 'ಎಡಗಿವಿಗೆ ಹಾಕಿದೆ' ಎಂದು ಬರೆದುಕೊಂಡ. ಈ ಇಡೀ ವ್ಯವಹಾರದಲ್ಲಿ ಕಾಗದದ ಮೇಲೆ ಬಿದ್ದ ಸುಳ್ಳು ಅದೊಂದೇ.

ಒಂದೂವರೆ ತಿಂಗಳ ಹಿಂದೆ ಜಾಲಿ ಪೊದೆಯ ಬುಡದಲ್ಲಿ ಕೆಂದಿಗೆ ಹಾವು ಕಚ್ಚಿತು. ಅದು ಈದು ಎಂಟು ದಿನವಾಗಿತ್ತು. ಕ್ಯಾತಮ್ಮ ಮೂಡಲ ಮೂಲೆಯಲ್ಲಿ ಮಣ್ಣು ಮಾಡಿ, ಕೊರಳಿನ ಬಿಲ್ಲೆ ಬಿಚ್ಚಿ ಸಂಜೀವಯ್ಯನ ಕೈಗಿತ್ತಳು. ಅವನು ಅರ್ಜಿ ಬರೆದು ಬಿಲ್ಲೆಯ ಜೊತೆ ಕಳಿಸಿದ. ವಿಮೆಯವರ ರೂಲ್ಸು ಬೇರೆಯೇ ಇತ್ತು. ಸತ್ತ ಕುರಿಯ ಕಿವಿಯನ್ನು ಬಿಲ್ಲೆಯ ಸಮೇತ ಕುಯ್ದು ಕಳಿಸಬೇಕು. ಬರೀ ಬಿಲ್ಲೆ ಬಂದರೆ ಅದು ಬದುಕಿರುವ ಕುರಿಯಿಂದ ಕಿತ್ತದ್ದು ಎಂದು ಲೆಕ್ಕ.

"ಮೇಲೆ ಬರ್ದಿರಾದು ಅಷ್ಟೇ ಅಲ್ಲ ಅಕ್ಕ" ಎಂದ ಸಂಜೀವಯ್ಯ, ಓದಿಬಿಟ್ಟಿದ್ದಾಳೆ ಇನ್ನೇನು ಮುಚ್ಚಿಡುವುದು ಎಂದು. "ಸುಳ್ಳು ಕ್ಲೇಮು ಹಾಕ್ದೋರ ಹೆಸ್ರು ಸಂಘದ ಬೋರ್ಡಿಗೆ ಹಾಕ್ಬೇಕಂತೆ. ಮುಂದಿನ ವರ್ಷದಿಂದ ಈ ಹಟ್ಟಿಗೆ ವಿಮೆನೇ ಇಲ್ವಂತೆ. ಬಿಲ್ಲೆನೂ ವಾಪಸ್ ಕಳ್ಸವ್ರೆ."

ಈಗ ಮರದ ಕೆಳಗಿದ್ದವರಿಗೆ ಬಾಯಿ ಬಂತು. ಮೊದಲು ಎದ್ದವನು ಕ್ಯಾತಮ್ಮನ ಮೈದುನ ಮಾರಣ್ಣ.

"ಅತ್ತಿಗೆ, ಒಂದ್ಮಾತು ಹೇಳ್ತೀನಿ, ಕ್ವಾಪ ಮಾಡ್ಕಬ್ಯಾಡ."

"ಕ್ವಾಪ ಮಾಡ್ಕಳೋ ಮಾತಾದ್ರೆ ಹೇಳ್ಬ್ಯಾಡ."

"ನಾಳೆ ಸಿರಾ ಸಂತೆ. ಮಟನ್ ಅಂಗ್ಡೀಲಿ ಒಂದು ತಲೆ ತರ್ತೀನಿ. ಬಿಲ್ಲೆನ ಅದರ ಕಿವಿಗೆ ಸಿಗ್ಸಿ ಕಳ್ಸಾನ. ಹೂತಿದ್ದನ್ನ ತೆಗ್ದು ಕುಯ್ಕಂಬಂದೆ ಅಂದ್ರಾಯ್ತು. ಯಾವ ಕುರಿ ಕಿವಿ ಅಂತ ಕಿವಿ ಮಾತಾಡ್ತದಾ?"

"ಒಂದು ತಲೇಲಿ ಎರಡು ಕಿವಿ ಬತ್ತವೆ" ಎಂದು ಹಿಂದಿನಿಂದ ಯಾರೋ ನಕ್ಕರು. "ಇನ್ನೊಂದು ನಮ್ಮನೆಗಿರ್ಲಿ."

ಕ್ಯಾತಮ್ಮ ನಗಲಿಲ್ಲ. "ಅಲ್ಲ ಕಣ್ಲಾ ಮಾರ, ಈಗ ನಾನು ನಿಜ ಹೇಳಿ ಸುಳ್ಳಿ ಆಗಿವ್ನಿ. ಸುಳ್ಳು ಕಿವಿ ಕೊಟ್ಟು ಸತ್ಯವಂತೆ ಆಗ್ಲಾ?"

"ಎಲ್ಲಾರೂ ಮಾಡ್ತಾರೆ."

"ಎಲ್ಲಾರ ಹೆಸ್ರ ಮೇಲೆ ಕೆಂಪು ಮಸಿ ಬಿದ್ದಿಲ್ವಲ್ಲ. ನನ್ನ ಹೆಸ್ರ ಮೇಲೆ ಬಿದ್ದೈತೆ."

"ನಿನ್ನ ಹಟಕ್ಕೆ ಮೂವತ್ತೆರಡು ಮನೆ ಮುಳುಗ್ಬೇಕಾ? ಅಂಗಾದ್ರೆ ಮೂಡ್ಲ ಮೂಲೆ ಅಗ್ದು..."

ಮಾತು ಮುಗಿಸಲು ಅವಳು ಬಿಡಲಿಲ್ಲ. ಕೈಯಲ್ಲಿದ್ದ ಕುರಿ ಕಾಯುವ ಕೋಲನ್ನು ನೆಲಕ್ಕೆ ಕುಟ್ಟಿದಳು. "ಆ ಮೂಲೆಗೆ ಗುದ್ಲಿ ತಂದೋನ್ನ ಅದೇ ಗುಂಡೀಲಿ ಹೂಳ್ತೀನಿ. ಮೈದ್ನ ಅಂತ ನೋಡಾಕಿಲ್ಲ."

ಮಾರಣ್ಣ ಕೂತುಕೊಂಡ. ಅತ್ತಿಗೆ ಬೆತ್ತ ಮುರಿದ ಕತೆ ಅವನಿಗೂ ಗೊತ್ತಿತ್ತು.

ಆ ಸಂಜೆ ಕ್ಯಾತಮ್ಮ ರೊಪ್ಪದ ಬಾಗಿಲಲ್ಲಿ ನಿಂತು ಉರಿಯುತ್ತಿದ್ದಳು. ಮೇಯಲು ಹೋಗಿದ್ದ ಕುರಿಗಳು ಬಂದವು. ಗಂಡ ಬೋರಣ್ಣ ದಿನದ ಹಾಗೆ ಮರಿಗಳ ಗೂಡಿನ ತಡಿಕೆ ತೆಗೆದ. ಬೆಳಿಗ್ಗೆಯಿಂದ ಹಸಿದಿದ್ದ ಮರಿಗಳು ಅರಚುತ್ತ ನುಗ್ಗಿದವು. ಅಮ್ಮಂದಿರೂ ಅರಚಿದವು. ಹೊರಗಿನವರ ಕಿವಿಗೆ ಅದು ಬರೀ ಗದ್ದಲ. ಆದರೆ ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಪ್ರತಿ ಮರಿಯೂ ತನ್ನ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿರುತ್ತದೆ. ತಾಯಿ ಮರಿಯ ಬಾಲದ ಬುಡ ಮೂಸಿ ನೋಡಿ ನಿಲ್ಲುತ್ತದೆ. ಬೇರೆಯ ಮರಿ ಬಂದರೆ ತಲೆಯಲ್ಲಿ ಗುದ್ದಿ ಅಟ್ಟುತ್ತದೆ.

ಕೆಂದಿಯ ಮರಿ, ಅಮ್ಮನದೇ ಕೆಂಚು ಬಣ್ಣದ ಹೆಣ್ಣು, ಹದಿನೇಳರಲ್ಲಿ ಒಂದೇ, ಕುರಿಯಿಂದ ಕುರಿಗೆ ಹೋಗಿ ಗುದ್ದಿಸಿಕೊಂಡು ಬರುತ್ತಿತ್ತು. ದಿನಾ ಹೀಗೆಯೇ. ಕೊನೆಗೆ ಕ್ಯಾತಮ್ಮ ಮೇಕೆ ಹಾಲಿನ ಲೋಟ ಹಿಡಿದು, ಬೆರಳು ಅದ್ದಿ ಚೀಪಿಸಬೇಕು. ಇವತ್ತು ಅವಳು ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಮರಿ ಅವಳ ಸೀರೆಯ ನೆರಿಗೆ ಚೀಪುತ್ತಿತ್ತು.

"ಏನಮ್ಮಿ?" ಎಂದ ಬೋರಣ್ಣ. ಅವನು ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಅವಳೇ ಆಡುತ್ತಿದ್ದಳು.

"ಇವ್ರಿಗೆ ಕಿವಿ ಬೇಕಂತೆ" ಎಂದಳು. "ಗಾಡಿ ಕಟ್ಟು ನಾಳೆ. ಮಧುಗಿರಿಗೆ."

"ಗಾಡಿಗೆ ಏನು ಹಾಕನ?"

"ಮರಿಗಳ್ನ."

ಬೋರಣ್ಣ ಅವಳ ಮುಖ ನೋಡಿದ. ಮರಿಯನ್ನು ನೋಡಿದ. ಬೇರೇನೂ ಕೇಳದೆ ಗಾಡಿಗೆ ಹುಲ್ಲು ಹಾಸಲು ಹೋದ.

ಬೆಳಗಿನ ಹಾಲು ಕುಡಿಸಿ ಹದಿನೇಳು ಮರಿಯನ್ನೂ ಗಾಡಿಗೆ ತುಂಬಿದರು. ಮೇಲೆ ಬಲೆ ಕಟ್ಟಿದರು. ಇಪ್ಪತ್ತು ಕುರಿಯನ್ನು ಹೊಡೆಯುವ ಕೆಲಸವೇ ಇರಲಿಲ್ಲ. ಮರಿ ಮುಂದೆ ಅರಚಿದರೆ ತಾಯಿ ಹಿಂದೆ ಬಂದೇ ಬರುತ್ತದೆ. ಮೂರು ಹರದಾರಿ ದಾರಿ. ಸಿರಾ ಕಡೆಯಿಂದ ಬಂದ ಬಸ್ಸು ಹಿಂದೆ ನಿಂತು ಹಾರನ್ ಹೊಡೆದು ಹೊಡೆದು ಸೋತಿತು.

"ಏನಮ್ಮೋ, ಕುರಿಗಳ್ನ ತವರುಮನೆಗೆ ಕರ್ಕಂಡು ಹೊಂಟಾ?" ಎಂದು ಕಂಡಕ್ಟರ್ ಕೂಗಿದ.

"ನಿಮ್ಮತ್ತೆ ಮನೆಗೆ ಕಣಪ್ಪ, ಬಾಡಿನೂಟ ಐತೆ!" ಎಂದು ಕ್ಯಾತಮ್ಮ ತಿರುಗಿ ಕೂಗಿದಳು. ಬಸ್ಸು ಪೂರ್ತಿ ನಕ್ಕಿತು.

ಮಧ್ಯಾಹ್ನ ಮೂರು ಗಂಟೆಗೆ ಬೋಳುಬಂಡೆಯ ಬೆಟ್ಟದ ನೆರಳು ಊರಿನ ಒಂದು ಮಗ್ಗುಲಿಗೆ ಇಳಿಯುವ ಹೊತ್ತಿಗೆ ಅವರು ಕೋರ್ಟಿನ ಹಿಂದಿನ ಬೀದಿ ತಲುಪಿದರು. ವಿಮೆ ಕಚೇರಿ ಅಂದರೆ ಕಾಂಪೌಂಡಿರುವ ಒಂದು ಬಾಡಿಗೆ ಮನೆ. ಗೇಟು ತೆರೆದಿತ್ತು. ಕ್ಯಾತಮ್ಮ ಕುರಿಗಳನ್ನು ಒಳಗೆ ಬಿಟ್ಟು ಗೇಟು ಹಾಕಿದಳು. ಮರಿಯ ಗಾಡಿ ಬೀದಿಯಲ್ಲೇ ನಿಂತಿತು. ಗಾಡಿಯಲ್ಲಿ ಹದಿನೇಳು ಗಂಟಲು, ಅಂಗಳದಲ್ಲಿ ಇಪ್ಪತ್ತು ಗಂಟಲು. ವಾಯಿದೆಗೆ ಬಂದು ಬೇಸತ್ತಿದ್ದ ಕಕ್ಷಿಗಾರರು, ಕರಿಕೋಟಿನವರು, ಹೋಟೆಲಿನವರು ಎಲ್ಲರೂ ಬಂದು ಕಾಂಪೌಂಡ್ ಗೋಡೆಯ ಸುತ್ತ ಸೇರಿದರು.

ಆಫೀಸರ್ ಗಂಗಾಧರಯ್ಯ ಹೊರಗೆ ಬಂದರು. ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಬರುವವರು. ಇಸ್ತ್ರಿ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಕ್ಯಾತಮ್ಮ ಮೊದಲು ನೋಡಿದ್ದು ಆ ಕೆಂಪು ಪೆನ್ನನ್ನು.

"ಯಾರ್ರೀ ಇದು! ಕುರೀನ ಆಫೀಸಿನೊಳಕ್ಕೆ ಯಾರು ಬಿಟ್ಟೋರು?"

"ನಾನೇ ಸ್ವಾಮಿ. ಕಿವಿ ಕೇಳಿದ್ರಲ್ಲ, ತಂದಿವ್ನಿ. ನಲ್ವತ್ತು ಔವೆ. ಎಣಿಸ್ಕಳಿ."

ಗೋಡೆಯ ಆಚೆ ನಗು ಎದ್ದಿತು. ಗಂಗಾಧರಯ್ಯನವರ ಮುಖ ಕೆಂಪಾಯಿತು. ಅವಳು ಕಾಗದ ಚಾಚಿದಳು. ಅವರು ನೋಡಿದರು.

"ಓ, ಆರುನೂರ ಹನ್ನೆರಡು. ನೀವೇನಾ ಕ್ಯಾತಮ್ಮ ಅಂದ್ರೆ? ನೋಡಮ್ಮ, ಕೂಗಾಡಿದ್ರೆ ಪ್ರಯೋಜನ ಇಲ್ಲ. ರೂಲ್ಸು ರೂಲ್ಸೇ."

"ನಾನಿನ್ನೂ ಕೂಗೇ ಇಲ್ಲ. ಇವು ಕುರಿ ಕೂಗ್ತಿರಾದು."

ಗಂಗಾಧರಯ್ಯ ಕೆಟ್ಟ ಮನುಷ್ಯನಲ್ಲ. ಜವಾನನನ್ನು ಓಡಿಸಿ, ಪಕ್ಕದ ಬೀದಿಯ ದನದ ಆಸ್ಪತ್ರೆಯಿಂದ ಚೌಡಯ್ಯನನ್ನು ರಿಜಿಸ್ಟರಿನ ಸಮೇತ ಕರೆಸಿದರು. ಚೌಡಯ್ಯ ಬಂದ. ಕ್ಯಾತಮ್ಮನ ಕಡೆ ನೋಡದೆ ಒಂದೊಂದೇ ಕಿವಿ ಹಿಡಿದು ಬಿಲ್ಲೆಯ ನಂಬರು ಕೂಗಿದ. ಆಫೀಸರ್ ಗುರುತು ಹಾಕಿಕೊಂಡರು. ಇಪ್ಪತ್ತು ನಂಬರೂ ಸರಿಹೋದವು.

"ಇಪ್ಪತ್ತು ಇದೆ. ಇಪ್ಪತ್ತೊಂದನೇದು?"

"ಸತ್ತೋಯ್ತು."

"ಅದರ ಕಿವಿ ಎಲ್ಲಿ?"

"ಅದರ ತಲೇಲೈತೆ. ತಲೆ ಮಣ್ಣಾಗೈತೆ. ಜುಂಜಪ್ಪನ ಕುರಿ, ಕುಯ್ಯಂಗಿಲ್ಲ."

"ದೇವ್ರ ಕುರಿ ಅಂದ್ಮೇಲೆ ದೇವ್ರೇ ಬಂದು ಕ್ಲೇಮ್ ಮಾಡ್ಬೇಕಲ್ಲಮ್ಮ?" ಎಂದು ಒಳಗಿನಿಂದ ಒಬ್ಬ ಗುಮಾಸ್ತ ಕಿಟಕಿಯಲ್ಲಿ ತಲೆ ಹಾಕಿ ಹೇಳಿದ.

"ಕಾಗ್ದ ಕೊಡು, ಹೆಬ್ಬೆಟ್ಟು ಹಾಕಿಸ್ಕಂಬತ್ತೀನಿ. ದುಡ್ಡು ಕಟ್ಟಿಸ್ಕಳಾವಾಗ ನನ್ ಕೈಲಿ ಇಸ್ಕಂಡ್ಯಲ್ಲ, ಆಗ್ಲೇ ದೇವ್ರನ್ನ ಕರ್ಸ್ಬೇಕಿತ್ತು."

ಗುಮಾಸ್ತ ತಲೆ ಒಳಗೆಳೆದುಕೊಂಡ. ಗಂಗಾಧರಯ್ಯ ದನಿ ತಗ್ಗಿಸಿದರು. "ನೋಡಮ್ಮ, ನಿಮಗೆ ಗೊತ್ತಿಲ್ಲ, ಜನ ಏನೇನು ಮಾಡ್ತಾರೆ ಅಂತ. ಹೋದ ವರ್ಷ ಒಬ್ಬ ಮೇಕೆ ಕಿವಿ ಕಳಿಸಿದ್ದ, ಕುರೀದು ಅಂತ. ಇನ್ನೊಬ್ಬ ಒಂದೇ ಕುರೀದು ಬಲಗಿವಿ ಒಂದು ಸಲ, ಎಡಗಿವಿ ಒಂದು ಸಲ. ಅದಕ್ಕೇ ನಾವು ಕಿವಿ ಇಲ್ದೆ ಒಪ್ಪಲ್ಲ."

"ಅಂದ್ರೆ ಕಿವಿ ತಂದೋರು ಸುಳ್ಳು ಹೇಳ್ತಾರೆ ಅಂತ ನಿಮಗೇ ಗೊತ್ತೈತೆ."

"ಗೊತ್ತಿದೆ."

"ಅಂಗಾದ್ರೆ ಕಿವಿ ತರ್ದೇ ಇರೋಳು ಸುಳ್ಳಿ ಅಂತ ಹೆಂಗೆ ಬರದ್ರಿ?"

ಗಂಗಾಧರಯ್ಯ ಕಾಗದವನ್ನು ಮತ್ತೆ ಬಿಚ್ಚಿ ನೋಡಿದರು.

"ಸಿರಾದಾಗೆ ಕುರಿ ತಲೆ ಹದಿನೈದು ರೂಪಾಯಿ" ಎಂದಳು ಕ್ಯಾತಮ್ಮ. ಈಗ ನಿಜವಾಗಿಯೂ ಕೂಗುತ್ತಿದ್ದಳು. "ಅದರ ಕಿವಿಗೆ ಈ ಬಿಲ್ಲೆ ಸಿಗ್ಸಿ ತಂದಿದ್ರೆ ಸತ್ಯವಂತೆ ಅಂತ ದುಡ್ಡು ಕೊಡ್ತಿದ್ರಿ. ನನ್ ಮೈದ್ನನೇ ತಂದ್ಕೊಡ್ತೀನಿ ಅಂದ. ನಂಗೆ ಬುದ್ಧಿ ಇರ್ಲಿಲ್ವಾ? ಕೈ ಇರ್ಲಿಲ್ವಾ? ಸತ್ತ ಕುರಿ ಬೇಕು ತಾನೆ ನಿಮ್ಗೆ, ಸತ್ತೈತೆ ಅಂತ ಸಾಕ್ಷಿ ಬೇಕು ತಾನೆ? ಕೊಡ್ತೀನಿ. ಲೇ, ಬಲೆ ತೆಗಿ!"

ಕೊನೆಯ ಮಾತು ಬೋರಣ್ಣನಿಗೆ. ಅವನು ಗಾಡಿಯ ಹಿಂದಿನ ಹಲಗೆ ಇಳಿಸಿ, ಗೇಟು ಸರಿಸಿ, ಬಲೆ ಎತ್ತಿದ.

ಮರಿಗಳು ಬೆಳಿಗ್ಗೆಯಿಂದ ಹಸಿದಿದ್ದವು. ಅವು ಇಳಿಯಲಿಲ್ಲ, ಉದುರಿದವು. ಅಂಗಳದ ತುಂಬ ಕೂಗು, ಧೂಳು, ಕಾಲಿಗೆ ಕಾಲು. ಗುಮಾಸ್ತ ಮತ್ತೆ ಕಿಟಕಿಗೆ ಬಂದ. ಆಫೀಸರ್ ಮೆಟ್ಟಿಲ ಮೇಲಕ್ಕೆ ಹತ್ತಿದರು. ಒಂದು ಮರಿ ಎರಡು ಕುರಿಯ ಹೊಟ್ಟೆಯಡಿ ನುಸಿದು ಮೂರನೆಯದರ ಕೆಚ್ಚಲಿಗೆ ಬಾಯಿ ಹಾಕಿತು. ಆ ಕುರಿ ಬಾಲ ಮೂಸಿ ಸುಮ್ಮನೆ ನಿಂತಿತು. ಇನ್ನೊಂದು ಸಿಕ್ಕಿತು. ಮತ್ತೊಂದು. ಕೂಗು ಒಂದೊಂದಾಗಿ ಕಡಿಮೆಯಾಗುತ್ತ ಬಂತು. ಬಾಲಗಳು ಅಲ್ಲಾಡತೊಡಗಿದವು. ಕೊನೆಗೆ ಇಡೀ ಅಂಗಳದಲ್ಲಿ ಚಪ್ಪರಿಸುವ ಸದ್ದು ಮಾತ್ರ ಉಳಿಯಿತು, ಮತ್ತು ಒಂದೇ ಒಂದು ಮರಿಯ ಕೂಗು.

ಕೆಂಚು ಮರಿ ಮೊದಲ ಕುರಿಯ ಹತ್ತಿರ ಹೋಯಿತು. ಅದು ಗುದ್ದಿತು. ಎರಡನೆಯದು ಮೂಸಿ ನೋಡಿ ಗುದ್ದಿತು. ನಾಲ್ಕನೆಯದು ಒದೆಯಿತು, ಮರಿ ಉರುಳಿ ಬಿತ್ತು. ಎದ್ದಿತು. ಮರಿ ಇಲ್ಲದ ನಾಲ್ಕು ಕುರಿಗಳ ಹತ್ತಿರವೂ ಹೋಯಿತು. ಅವೂ ತಳ್ಳಿದವು. ಗೋಡೆಯ ಆಚೆ ಮೊದಲು ನಗುತ್ತಿದ್ದವರು ಈಗ ನಗುತ್ತಿರಲಿಲ್ಲ. ಒಂದು ಸುತ್ತು ಮುಗಿಸಿ, ಇನ್ನು ಯಾರೂ ಉಳಿಯದೆ, ಮರಿ ಮೆಟ್ಟಿಲಿನ ಕಡೆ ಬಂದು ಗಂಗಾಧರಯ್ಯನವರ ಇಸ್ತ್ರಿ ಪ್ಯಾಂಟಿನ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು.

ಅವರು ಕಾಲು ಎಳೆದುಕೊಳ್ಳಲಿಲ್ಲ.

"ಕಿವಿ ಕೇಳಿದ್ರಲ್ಲ" ಎಂದಳು ಕ್ಯಾತಮ್ಮ. "ಇದರವ್ವ ಬದುಕಿದ್ರೆ ಇದು ನಿಮ್ಮ ಪ್ಯಾಂಟು ಚೀಪ್ತಿತ್ತಾ?"

ಗಂಗಾಧರಯ್ಯ ಮರಿಯ ಕಡೆ ಬಗ್ಗಿದರು. ಆದರೆ ಆಫೀಸರ್ ಅಂದರೆ ಆಫೀಸರ್. ಮರಿಯ ತಲೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು, "ಇದರ ತಾಯಿನ ಹಟ್ಟೀಲಿ ಕಟ್ಟಿಹಾಕಿ ಬಂದಿಲ್ಲ ಅಂತ ಏನಮ್ಮ ಗ್ಯಾರಂಟಿ?"

"ಮರೀನ ಎತ್ಕಳಿ. ಜೀಪು ತರ್ಸಿ. ಮೂವತ್ತೆರಡು ಮನೆ ರೊಪ್ಪನೂ ತೆಗ್ದು ತೋರಿಸ್ತೀನಿ. ಯಾವ ಕುರಿ ಇದನ್ನ ಮೂಸಿ ನಿಲ್ತದೋ ಆ ಕುರೀನೂ ನಿಮ್ದು, ನನ್ ಇಪ್ಪತ್ತು ಕುರೀನೂ ನಿಮ್ದು. ಪೊಲೀಸ್ನೋರ್ನೂ ಕರ್ಕಳಿ. ಈಗ್ಲೇ ನಡೀರಿ!"

ಅವಳು ಆಗಲೇ ಗಾಡಿಯ ಕಡೆ ತಿರುಗಿದ್ದಳು. ಆಗ ಹಿಂದಿನಿಂದ ಸಣ್ಣ ದನಿ ಬಂತು.

"ಜೀಪು ಬ್ಯಾಡ ಸಾರ್."

ಚೌಡಯ್ಯ. ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ನಿಂತಿದ್ದ. "ಆ ಕುರಿ ಕಿವಿಗೆ ನಾನು ಬಿಲ್ಲೆ ಹಾಕೇ ಇರ್ಲಿಲ್ಲ ಸಾರ್. ಈಯಮ್ಮ ಬ್ಯಾಡ ಅಂದ್ಲು, ಕೊರಳಿಗೆ ಕಟ್ದೆ. ಕಿವಿಗೆ ಹಾಕ್ದೆ ಅಂತ ಬರ್ದಿರೋದು ನನ್ ತಪ್ಪು. ಕೆಂಚು ಕುರಿ, ಉಣ್ಣೆ ಕುಯ್ದಿರ್ಲಿಲ್ಲ. ಇದು ಅದರ ಮರೀನೇ. ನೋಡಿದ್ರೆ ಗೊತ್ತಾಯ್ತದೆ."

"ಇಷ್ಟು ದಿನ ಯಾಕ್ರೀ ಬಾಯಿ ಮುಚ್ಕೊಂಡಿದ್ರಿ?"

"ಕೆಲ್ಸ ಹೋಗ್ತದೆ ಅಂತ ಸಾರ್."

ಕ್ಯಾತಮ್ಮ ತಿರುಗಿ ಅವನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ಚೌಡಯ್ಯನೂ ಅಂದುಕೊಂಡು ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದ.

"ನನ್ ಮನೇಲಿ ಮೂರು ಮುದ್ದೆ ಉಂಡ್ಯಲ್ಲೋ" ಎಂದಳು. ಅಷ್ಟೇ. ಅವನಿಗೆ ಅದು ಸಾಕಾಯಿತು.

ಗಂಗಾಧರಯ್ಯ ಮೆಟ್ಟಿಲ ಮೇಲೆಯೇ ಕೂತು ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು ನೀಲಿ ಪೆನ್ನು ತೆಗೆದರು.

"ಅದ್ರಾಗಲ್ಲ" ಎಂದಳು ಕ್ಯಾತಮ್ಮ. "ಯಾವ್ದ್ರಾಗೆ ಬರದ್ರೋ ಅದ್ರಾಗೇ ಹೊಡೀರಿ."

ಅವರು ಅವಳ ಮುಖ ನೋಡಿದರು. ನೀಲಿ ಪೆನ್ನನ್ನು ಜೇಬಿಗಿಟ್ಟು ಕೆಂಪು ಪೆನ್ನು ತೆಗೆದರು. 'ಸುಳ್ಳು ಕ್ಲೇಮು' ಎಂಬುದರ ಮೇಲೆ ಎರಡು ಗೆರೆ ಎಳೆದು, ಕೆಳಗೆ ಬರೆದು, ಸಹಿ ಹಾಕಿ ಅವಳ ಕೈಗೆ ಕೊಟ್ಟರು. ಅವಳು ಬೆರಳಿಟ್ಟು, ಗೋಡೆಯ ಆಚೆಯವರಿಗೂ ಕೇಳುವಂತೆ ಓದಿದಳು.

"ಕು... ರಿ ಸ... ತ್ತಿ... ರು... ವುದು ನಿ... ಜ. ಮ... ರಿ... ಯನ್ನು ನೋ... ಡಿ... ದ್ದೇನೆ."

"ಸರಿಯಾಯ್ತಾ?"

"ಇದು ಸರಿಯಾಯ್ತು. ದುಡ್ಡು?"

"ದುಡ್ಡು ನನ್ನ ಕೈಲಿಲ್ಲಮ್ಮ. ಕಿವಿ ಇಲ್ಲದ ಕೇಸು, ಬೆಂಗಳೂರಿನ ಆಫೀಸಿಗೆ ಬರೀಬೇಕು. ಬರೀತೀನಿ. ಅವರು ಒಪ್ಪಿದ್ರೆ ಬರುತ್ತೆ. ಹಟ್ಟಿ ವಿಮೆ ನಿಲ್ಲಿಸಲ್ಲ, ಬೋರ್ಡಿಗೆ ನಿಮ್ಮ ಹೆಸರೂ ಹಾಕ್ಸಲ್ಲ. ಅದು ನನ್ನ ಮಾತು."

"ಬರೀರಿ. ಮೀಸ್ಲು ಕುರಿ ಅಂತ್ಲೂ ಬರೀರಿ. ಮುಚ್ಚಿಡ್ಬ್ಯಾಡಿ."

ಬೋರಣ್ಣ ಹಾಲು ಕುಡಿದು ಹೊಟ್ಟೆ ಉಬ್ಬಿದ ಮರಿಗಳನ್ನು ಒಂದೊಂದಾಗಿ ಗಾಡಿಗೆ ಎತ್ತಿ ಹಾಕುತ್ತಿದ್ದ. ಹೋಟೆಲಿನವನೊಬ್ಬ ಕೇಳದೆಯೇ ಒಂದು ಲೋಟ ಹಾಲು ತಂದು ಗೋಡೆಯ ಮೇಲಿಟ್ಟ. ಕ್ಯಾತಮ್ಮ ಅದರಲ್ಲಿ ಬೆರಳದ್ದಿ ಕೆಂಚು ಮರಿಗೆ ಚೀಪಿಸಿದಳು. ಗಂಗಾಧರಯ್ಯ ಒದ್ದೆಯಾದ ಪ್ಯಾಂಟಿನ ಅಂಚು ಝಾಡಿಸಿಕೊಳ್ಳುತ್ತ ಹತ್ತಿರ ಬಂದರು.

"ಮುಂದಿನ ದೇವ್ರ ಕುರಿ ಇದೇ ಏನಮ್ಮ?"

"ಇದೇ."

"ನಾಲ್ಕು ತಿಂಗಳು ತುಂಬಲಿ, ಇದಕ್ಕೂ ವಿಮೆ ಮಾಡ್ಸಿ. ಆದ್ರೆ ಈ ಸಲ ಬಿಲ್ಲೆ ಕಿವಿಗೇ ಹಾಕಿಸ್ಬೇಕು. ಕೊರಳಿಗೆ ಕಟ್ಟೋದನ್ನ ನಾನಿನ್ನು ಒಪ್ಪಕ್ಕಾಗಲ್ಲ."

"ಕೊರಳಿಗೇ ಕಟ್ಟಾದು."

"ಆಗಲ್ಲಮ್ಮ. ರೂಲ್ಸು."

ಕ್ಯಾತಮ್ಮ ಮರಿಯನ್ನು ಕಂಬಳಿಯೊಳಗೆ ಎದೆಗಿಟ್ಟುಕೊಂಡಳು. ಖಾಲಿ ಲೋಟವನ್ನು ಹೋಟೆಲಿನವನಿಗೆ ಕೊಟ್ಟು, ಕೋಲು ಎತ್ತಿಕೊಂಡು, ಗೇಟಿನ ಹತ್ತಿರ ಹೋಗಿ ತಿರುಗಿ ನಿಂತಳು.

"ಅಂಗಾದ್ರೆ ಇದಕ್ಕೆ ನಾಲ್ಕು ತಿಂಗ್ಳು ತುಂಬಿದ್ಮ್ಯಾಲೆ ಮತ್ತೆ ಹೊಡ್ಕಂಡು ಬತ್ತೀನಿ" ಎಂದಳು. "ಆ ಸಲ ಮೂವತ್ತೆರಡು ಮನೇವೂ ಬತ್ತವೆ. ಗೇಟು ತೆಗ್ದಿಟ್ಟಿರಿ."